ಯಂತ್ರ ಬದಲಿಸುವ ಮುನ್ನ ಅಕ್ಷರ ಬದಲಿಸಿ

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಬೆಂಬಲ ಮುಗಿಯಿತು. ಮರುದಿನ ನಮ್ಮ ಗದಗ ಜಿಲ್ಲೆಯ ಕೋಟುಮಚಗಿ, ನರೇಗಲ್, ಮುಂಡರಗಿ, ಲಕ್ಷ್ಮೇಶ್ವರದ ಡಿಟಿಪಿ ಅಂಗಡಿಗಳ ಕಂಪ್ಯೂಟರುಗಳೇನೂ ಅದರಿಂದ ನಿಂತುಹೋಗಲಿಲ್ಲ. ಫ್ಲೆಕ್ಸ್ ಡಿಸೈನು, ಲಗ್ನಪತ್ರಿಕೆ, ಸೊಸೈಟಿಯ ವಾರ್ಷಿಕ ವರದಿ, ಪಾಸ್‌ಪೋರ್ಟ್ ಫೋಟೋ ಎಲ್ಲ ಎಂದಿನಂತೆ ನಡೆಯುವಂಥವೇ. ತೊಂದರೆ ಇರುವುದೇ ಅಲ್ಲಿ. ಕೆಟ್ಟು ನಿಂತ ಯಂತ್ರಕ್ಕೆ ಏನಾದರೂ ಒಂದು ದಾರಿ ಹುಡುಕುತ್ತೇವೆ. ಕುಂಟುತ್ತ ನಡೆಯುವ ಯಂತ್ರವನ್ನು ಬೈಯುತ್ತಲೇ ಇನ್ನೊಂದು ಹಂಗಾಮು ದೂಡುತ್ತೇವೆ.

ಪಹಣಿ ತೆಗೆಯಲು, ಬಿಲ್ ಕಟ್ಟಲು ಆಗೊಮ್ಮೆ ಈಗೊಮ್ಮೆ ಕಂಪ್ಯೂಟರ್ ಹಚ್ಚುವವರಿಗೆ ಈ ಲೇಖನ ಬೇಕಿಲ್ಲ. ದಿನಕ್ಕೆ ಹತ್ತು ತಾಸು ಅದರ ಮುಂದೆ ಕೂತು ಅದರಿಂದಲೇ ಮನೆ ನಡೆಸುವ ಡಿಟಿಪಿ ಆಪರೇಟರು, ಮದುವೆ ಆಲ್ಬಮ್ ಮಾಡುವವರು, ವಿಡಿಯೋ ಎಡಿಟಿಂಗ್‌ನವರು, ಫ್ಲೆಕ್ಸ್ ಡಿಸೈನರುಗಳಿಗಾಗಿ ಬರೆದದ್ದು. ಇವರ ಸಿಟ್ಟು ನ್ಯಾಯವಾದದ್ದು. ಇನ್ನೂ ಗಟ್ಟಿಮುಟ್ಟಾಗಿರುವ ಐ5 ಯಂತ್ರಕ್ಕೆ ವಿಂಡೋಸ್ 11 ಬರುವುದಿಲ್ಲವೆಂಬ ಸಂದೇಶ. ರಿಪೇರಿಗೆ ಒಯ್ದರೆ, "ಅಣ್ಣಾರ, ಇದು ಹಳೇದಾತು, ಹೊಸಾದು ತಗೊಂಡಬಿಡ್ರಿ" ಎನ್ನುತ್ತಾರೆ. ಹುಬ್ಬಳ್ಳಿಯಲ್ಲಿ ಓದುವ ಅಣ್ಣನ ಮಗ, "ಮ್ಯಾಕ್ ತಗೋ ಕಾಕಾ, ಹ್ಯಾಂಗ್ ಆಗೂದ ಇಲ್ಲ" ಎನ್ನುತ್ತಾನೆ. ಲಿನಕ್ಸ್ ಪುಕ್ಕಟೆ ಸಿಗುತ್ತದೆ ಎಂದು ಮತ್ತೊಬ್ಬರು.

ಮೂರೂ ಮಾತಿನಲ್ಲಿ ಹುರುಳಿದೆ. ಆದರೆ ಮೂರನ್ನೂ ಆಮೇಲೆ ನೋಡಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ನಮ್ಮ ಭಾಗದ ಕನ್ನಡ ಡಿಟಿಪಿ ಕಸುಬನ್ನು ಹಳೆಯ ಯಂತ್ರಕ್ಕೆ ಕಟ್ಟಿಹಾಕಿರುವುದು ಹಳೆಯ ಫಾಂಟು. ಆ ಗಂಟು ಬಿಚ್ಚಿಕೊಂಡವರಿಗೆ ಯಾವ ವೇದಿಕೆಯಾದರೂ ಒಗ್ಗುತ್ತದೆ. ಬಿಚ್ಚಿಕೊಳ್ಳದವರಿಗೆ ಲಕ್ಷ ರೂಪಾಯಿಯ ಯಂತ್ರವೂ ದಂಡ.

ಮ್ಯಾಕ್‌ನವರೂ ಕೈಬಿಟ್ಟವರೇ

ವಿಂಡೋಸ್ ಮೇಲಿನ ಸಿಟ್ಟಿಗೆ ಮ್ಯಾಕ್‌ಗೆ ಜಿಗಿಯುವವರು ಮೊದಲು ಅಲ್ಲಿನ ಚರಿತ್ರೆ ತಿಳಿದುಕೊಳ್ಳಬೇಕು. 2011ರ ಜೂನ್‌ನಲ್ಲಿ ಆ್ಯಪಲ್ ಕಂಪನಿ ಫೈನಲ್ ಕಟ್ ಪ್ರೊ ಎಕ್ಸ್ ಬಿಡುಗಡೆ ಮಾಡಿದಾಗ, ಹಿಂದಿನ ಫೈನಲ್ ಕಟ್ ಪ್ರೊ 7ರಲ್ಲಿ ಮಾಡಿದ ಪ್ರಾಜೆಕ್ಟುಗಳು ಅದರಲ್ಲಿ ತೆರೆಯುತ್ತಲೇ ಇರಲಿಲ್ಲ. ವೃತ್ತಿಪರ ಎಡಿಟರುಗಳು ಬೇಸತ್ತು ಪ್ರೀಮಿಯರ್, ಆವಿಡ್ ಕಡೆ ಹೊರಟರು. 2013ರ ಡಿಸೆಂಬರ್‌ನಲ್ಲಿ ಕಪ್ಪು ಕೊಳವೆಯಂಥ ಮ್ಯಾಕ್ ಪ್ರೊ ಬಂತು. ನೋಡಲು ಚೆಂದ, ಆದರೆ ಎರಡು ಸಣ್ಣ ಗ್ರಾಫಿಕ್ಸ್ ಕಾರ್ಡುಗಳ ಲೆಕ್ಕದಲ್ಲಿ ಅದರ ಶಾಖದ ಏರ್ಪಾಡು ಮಾಡಿದ್ದರಿಂದ, ಮುಂದೆ ಬಂದ ದೊಡ್ಡ ಕಾರ್ಡುಗಳಿಗೆ ಅದರೊಳಗೆ ಜಾಗವಿರಲಿಲ್ಲ. ವರ್ಷಗಟ್ಟಲೆ ಅದನ್ನು ಯಾರೂ ಮುಟ್ಟಲಿಲ್ಲ. 2017ರ ಏಪ್ರಿಲ್‌ನಲ್ಲಿ ಕಂಪನಿಯ ಹಿರಿಯ ಅಧಿಕಾರಿಗಳೇ ಪತ್ರಕರ್ತರನ್ನು ಕರೆದು ಈ ತಪ್ಪನ್ನು ಒಪ್ಪಿಕೊಂಡರು. ಹೊಸ ಮ್ಯಾಕ್ ಪ್ರೊ ಅಂಗಡಿಗೆ ಬಂದದ್ದು 2019ರ ಕೊನೆಗೆ. 2023ರದಕ್ಕೆ ಸ್ಲಾಟುಗಳೇನೋ ಇದ್ದವು, ಅವುಗಳಲ್ಲಿ ಬೇರೆ ಗ್ರಾಫಿಕ್ಸ್ ಕಾರ್ಡ್ ಹಾಕಿದರೆ ನಡೆಯುವುದಿಲ್ಲ. ರ‍್ಯಾಮ್ ಕೂಡ ಕೊಂಡಾಗ ಎಷ್ಟಿತ್ತೋ ಅಷ್ಟೇ.

ಆ ಎಡಿಟರುಗಳಿಗೆ ನಿಜವಾಗಿ ನೋವಾದದ್ದು ಹಳೆಯ ಕೆಲಸ ಹೊಸದರಲ್ಲಿ ತೆರೆಯದೆ ಹೋದಾಗ. ಕನ್ನಡ ಡಿಟಿಪಿಯವರ ಮುಂದೆ ಈಗ ನಿಂತಿರುವುದೂ ಅದೇ ಪ್ರಶ್ನೆ.

ಟೋಪಿ ಹಾಕಿದ ಅಕ್ಷರಗಳು

ಗದಗ-ಬೆಟಗೇರಿ ಮುದ್ರಣಕ್ಕೆ ಹೆಸರಾದ ಅವಳಿ ನಗರ. ವಿಆರ್‌ಎಲ್ ಸಾರಿಗೆ ಸಂಸ್ಥೆ ಕಟ್ಟಿದ ವಿಜಯ ಸಂಕೇಶ್ವರರ ಮನೆತನದ ಕಸುಬು ಇಲ್ಲಿ ಪುಸ್ತಕ ಮುದ್ರಣ, ಪ್ರಕಾಶನವೇ ಆಗಿತ್ತು. ಅಚ್ಚುಮೊಳೆಯಿಂದ ಆಫ್‌ಸೆಟ್‌ಗೆ, ಕಂಪೋಸಿಂಗ್ ಕೇಸಿನಿಂದ ಕಂಪ್ಯೂಟರಿಗೆ ಈ ಕಸುಬು ಒಮ್ಮೆ ದಾಟಿ ಬಂದಿದೆ. ದಾಟುವಾಗ ಕೈಗೆ ಸಿಕ್ಕದ್ದು ಪೇಜ್‌ಮೇಕರ್, ಫೋಟೋಶಾಪ್ 7, ಕೋರೆಲ್ ಡ್ರಾ; ಕನ್ನಡಕ್ಕೆ ಶ್ರೀಲಿಪಿ, ಬರಹ, ಕನ್ನಡ ಗಣಕ ಪರಿಷತ್ತಿನ ನುಡಿ. ಪೇಜ್‌ಮೇಕರ್‌ನ ಕೊನೆಯ ಆವೃತ್ತಿ 7 ಬಂದದ್ದು 2001ರಲ್ಲಿ. ತಯಾರಕರು ಯಾವಾಗಲೋ ಕೈಬಿಟ್ಟ ಆ ತಂತ್ರಾಂಶದಲ್ಲಿ ನಮ್ಮ ಊರುಗಳಲ್ಲಿ ಇಂದಿಗೂ ಪುಸ್ತಕಗಳಾಗುತ್ತವೆ.

ಆ ಕಾಲದ ಕನ್ನಡ ಫಾಂಟುಗಳ ಒಳಗುಟ್ಟು ಸರಳ. ಇಂಗ್ಲಿಷ್ ಅಕ್ಷರಗಳ ಮತ್ತು ಯುರೋಪಿನ ಚಿಹ್ನೆಗಳ ಜಾಗದಲ್ಲಿ ಕನ್ನಡದ ಕಾಗುಣಿತದ ತುಂಡು, ಒತ್ತಕ್ಷರಗಳನ್ನು ಕೂರಿಸಿರುತ್ತಾರೆ. ಕಂಪ್ಯೂಟರಿನ ಮಟ್ಟಿಗೆ ಅದು ಕನ್ನಡವೇ ಅಲ್ಲ. ಆ ಫಾಂಟ್ ಇಲ್ಲದ ಯಂತ್ರದಲ್ಲಿ ಕಡತ ತೆರೆದರೆ, ಊರಿನ ಹೆಸರಿದ್ದ ಜಾಗದಲ್ಲಿ ತಲೆಯ ಮೇಲೆ ಟೋಪಿ, ಚುಕ್ಕೆ, ಗೆರೆ ಹೊತ್ತ ಇಂಗ್ಲಿಷ್ ಅಕ್ಷರಗಳ ಸಾಲು ಕಾಣುತ್ತದೆ. ನುಡಿಯಲ್ಲಿ ಮಾಡಿದ್ದು ಶ್ರೀಲಿಪಿಗೆ ತಿಳಿಯದು, ಶ್ರೀಲಿಪಿಯದು ಬರಹಕ್ಕೆ ತಿಳಿಯದು. ಯುನಿಕೋಡ್‌ನಲ್ಲಿ ಹಾಗಿಲ್ಲ. ಅಲ್ಲಿ 'ಕ' ಎಂದರೆ ಮೊಬೈಲಿನಲ್ಲೂ ಮ್ಯಾಕ್‌ನಲ್ಲೂ ಲಿನಕ್ಸ್‌ನಲ್ಲೂ 'ಕ'.

ಆದ್ದರಿಂದ ಮೊದಲ ಕೆಲಸ ಕಡತಗಳದು. ಎಲ್ಲವನ್ನೂ ಪರಿವರ್ತಿಸಬೇಕಿಲ್ಲ. ಮುಗಿದ ಮದುವೆಯ ಪತ್ರಿಕೆಯನ್ನು ಪಿಡಿಎಫ್ ಮಾಡಿಟ್ಟರೆ ಸಾಕು. ವರ್ಷ ವರ್ಷ ತಿದ್ದಿ ಬಳಸುವಂಥವು ಬೇರೆ: ಜಾತ್ರಾ ಪತ್ರಿಕೆಯ ಮಾದರಿ, ಮಠದ ಪಂಚಾಂಗ, ಸಹಕಾರಿ ಸಂಘದ ವರದಿ, ಮರುಮುದ್ರಣಕ್ಕೆ ಬರುವ ಪುಸ್ತಕ. ಇವುಗಳ ಪಠ್ಯವನ್ನು ಯುನಿಕೋಡ್‌ಗೆ ತನ್ನಿ. ನುಡಿ, ಬರಹ ಎರಡರಲ್ಲೂ ಪರಿವರ್ತಕ ಇದೆ. ಅಂತರ್ಜಾಲದಲ್ಲಿ ಪುಕ್ಕಟೆ ಸಿಗುವವೂ ಇವೆ.

ಪರಿವರ್ತಕವನ್ನು ಕಣ್ಣುಮುಚ್ಚಿ ನಂಬಬೇಡಿ. ಕನ್ನಡದ ನಡುವೆ ಬಂದ ಇಂಗ್ಲಿಷ್ ಪದ, ಇಮೇಲ್ ವಿಳಾಸ, ಜಿಎಸ್‌ಟಿ ಸಂಖ್ಯೆಗಳನ್ನು ಅದು ಕನ್ನಡವೆಂದೇ ತಿಳಿದು ಅರ್ಥವಿಲ್ಲದ ಅಕ್ಷರ ಮಾಡುತ್ತದೆ. ಪರಿವರ್ತನೆಗೆ ಮೊದಲೇ ಅಂಥ ತುಣುಕುಗಳನ್ನು ಬೇರೆ ಮಾಡಿಟ್ಟುಕೊಳ್ಳಿ. ಅರ್ಕಾವತ್ತಿನ ಮೇಲೆ ವಿಶೇಷ ಕಣ್ಣಿಡಿ. 'ಧರ್ಮ', 'ಕಾರ್ಯ', 'ಸೂರ್ಯ' ಇಂಥ ಪದಗಳಲ್ಲಿ ಹಳೆಯ ಫಾಂಟು ಅರ್ಕವನ್ನು ಅಕ್ಷರದ ನಂತರ ಇಡುತ್ತದೆ, ಯುನಿಕೋಡ್ 'ರ್' ಅನ್ನು ಮೊದಲು ಇಡುತ್ತದೆ; ಈ ಜಾಗ ಬದಲಾವಣೆಯಲ್ಲಿ ಪರಿವರ್ತಕ ಎಡವುವುದುಂಟು. ಎರಡು ಒತ್ತಕ್ಷರ ಕೂಡಿದಲ್ಲಿಯೂ ಅಷ್ಟೇ, 'ರಾಷ್ಟ್ರ', 'ಶಾಸ್ತ್ರಿ' ಎಂಬಲ್ಲಿ. ಹೆಸರುಗಳ ಪಟ್ಟಿಯನ್ನು ಇನ್ನೊಬ್ಬರಿಂದ ಓದಿಸಿ. ಮೂಲ ಕಡತವನ್ನು ಅಳಿಸಬೇಡಿ, ಪ್ರತಿಯ ಮೇಲೆ ಕೆಲಸ ಮಾಡಿ.

ಪೇಜ್‌ಮೇಕರ್ ಕಡತ ತೆರೆಯುವ ದಾರಿಗಳು ಕಡಿಮೆಯಾಗುತ್ತ ಬಂದಿವೆ. ಇನ್‌ಡಿಸೈನ್ ಸಿಎಸ್6ರವರೆಗೆ ಅದು ತೆರೆಯುತ್ತಿತ್ತು, ಆಮೇಲಿನ ಸಿಸಿ ಆವೃತ್ತಿಗಳಲ್ಲಿ ಇಲ್ಲ. ಪುಕ್ಕಟೆ ಸಿಗುವ ಲಿಬ್ರೆ ಆಫೀಸ್ ಡ್ರಾ ತೆರೆಯುತ್ತದೆ; ಪುಟದ ಅಂದ ಕೆಡಬಹುದು, ಪಠ್ಯವಂತೂ ಕೈಗೆ ಸಿಗುತ್ತದೆ. ಹಳೆಯ ಯಂತ್ರ ಇನ್ನೂ ನಡೆಯುತ್ತಿರುವಾಗಲೇ ಪೇಜ್‌ಮೇಕರ್‌ನಿಂದ ಪಠ್ಯವನ್ನು ಹೊರತೆಗೆದುಬಿಡುವುದು ಎಲ್ಲಕ್ಕಿಂತ ಸುಲಭ.

ಯುನಿಕೋಡ್‌ಗೆ ಬಂದ ಮೇಲೆ ಫೋಟೋಶಾಪ್ 7, ಪೇಜ್‌ಮೇಕರ್ ಉಪಯೋಗಕ್ಕೆ ಬರುವುದಿಲ್ಲ, ಅವು ಯುನಿಕೋಡ್ ಕನ್ನಡವನ್ನು ಸರಿಯಾಗಿ ಜೋಡಿಸಲಾರವು. ಈಚಿನ ಇನ್‌ಡಿಸೈನ್, ಫೋಟೋಶಾಪ್ ಜೋಡಿಸುತ್ತವೆ, ಆದರೆ ಒಂದು ಸೆಟ್ಟಿಂಗ್ ಬದಲಿಸಬೇಕು. ಇನ್‌ಡಿಸೈನ್‌ನಲ್ಲಿ ಪ್ಯಾರಾಗ್ರಾಫ್ ಪಟ್ಟಿಯಲ್ಲಿ 'ವರ್ಲ್ಡ್ ರೆಡಿ ಕಂಪೋಸರ್' ಆರಿಸದಿದ್ದರೆ ಒತ್ತಕ್ಷರಗಳು ಬಿಡಿಬಿಡಿಯಾಗಿ ನಿಲ್ಲುತ್ತವೆ. "ಯುನಿಕೋಡ್ ಒಡೀತದ್ರಿ" ಎಂದು ಎಷ್ಟೋ ಆಪರೇಟರುಗಳು ನುಡಿ ಫಾಂಟಿಗೆ ಮರಳಿದ್ದು ಈ ಒಂದು ಆಯ್ಕೆ ತಿಳಿಯದೆ. ಸ್ಕ್ರೈಬಸ್ ಕೂಡ ಈಗ ಕನ್ನಡ ಜೋಡಿಸುತ್ತದೆ. 2024ರ ಜನವರಿಯಲ್ಲಿ ಬಂದ 1.6 ಆವೃತ್ತಿಯಿಂದ ಅದನ್ನು ಧೈರ್ಯವಾಗಿ ಕೆಲಸಕ್ಕೆ ಹಚ್ಚಬಹುದು, ಪುಕ್ಕಟೆಯೂ ಹೌದು.

ಪ್ರಿಂಟರು, ಲಾಕು, ಬೆರಳಿನ ರೂಢಿ

ವೇದಿಕೆ ಬದಲಿಸುವಾಗ ಕೊನೆಯ ಗಳಿಗೆಯಲ್ಲಿ ಕಾಲೆಳೆಯುವ ಸಂಗತಿಗಳು ಮೂರು. ಅಂಗಡಿ ಅಂಗಡಿಯಲ್ಲೂ ಕಾಣುವ ಕ್ಯಾನನ್ ಎಲ್‌ಬಿಪಿ 2900ಬಿ ಲೇಸರ್ ಪ್ರಿಂಟರನ್ನೇ ತೆಗೆದುಕೊಳ್ಳಿ. ಗಟ್ಟಿ ಯಂತ್ರ, ಆದರೆ ಕ್ಯಾಪ್ಟ್ ಎಂಬ ಕ್ಯಾನನ್‌ನದೇ ಭಾಷೆಯಲ್ಲಿ ಮಾತಾಡುತ್ತದೆ. ಲಿನಕ್ಸ್‌ನಲ್ಲಿ ಅದನ್ನು ನಡೆಸುವುದು ತ್ರಾಸಿನ ಕೆಲಸ, ಹೊಸ ಮ್ಯಾಕ್‌ನಲ್ಲೂ ಸಲೀಸಲ್ಲ. ಎಪ್ಸನ್‌ನ ಇಂಕ್ ಟ್ಯಾಂಕ್ ಪ್ರಿಂಟರುಗಳಿಗೆ ಲಿನಕ್ಸ್ ಡ್ರೈವರ್ ಸಿಗುತ್ತದೆ. ಯಂತ್ರಕ್ಕೆ ಮುಂಗಡ ಕೊಡುವ ಮೊದಲು ನಿಮ್ಮ ಪ್ರಿಂಟರ್, ಸ್ಕ್ಯಾನರ್, ಬೆರಳಚ್ಚು ಸಾಧನಗಳ ಮಾದರಿ ಸಂಖ್ಯೆ ಬರೆದುಕೊಂಡು ಒಂದೊಂದಕ್ಕೂ ಡ್ರೈವರ್ ಇದೆಯೇ ನೋಡಿ.

ಶ್ರೀಲಿಪಿಯ ಹಳೆಯ ಆವೃತ್ತಿ ಇಟ್ಟುಕೊಂಡವರ ಬಳಿ ಹಾರ್ಡ್‌ವೇರ್ ಲಾಕ್ ಇರುತ್ತದೆ. ಅದು ಪ್ರಿಂಟರ್ ಪೋರ್ಟಿಗೆ ಸಿಕ್ಕಿಸುವ ಕಾಲದ್ದಾದರೆ ಹೊಸ ಮದರ್‌ಬೋರ್ಡಿನಲ್ಲಿ ಆ ಪೋರ್ಟೇ ಇರುವುದಿಲ್ಲ. ಟ್ಯಾಲಿಯೂ ವಿಂಡೋಸ್‌ನದೇ. ಇನ್ನು ಬೆರಳು: ಕೆ.ಪಿ. ರಾವ್ ರೂಪಿಸಿದ ವಿನ್ಯಾಸಕ್ಕೆ ಕೈ ಕೂತವರು ವೇಗ ಕಳೆದುಕೊಳ್ಳಲು ಒಪ್ಪುವುದಿಲ್ಲ, ಒಪ್ಪಬೇಕಾಗಿಯೂ ಇಲ್ಲ. ಲಿನಕ್ಸ್‌ನಲ್ಲಿ ಅದನ್ನು ಆಧರಿಸಿದ ಕಗಪ (ಕನ್ನಡ ಗಣಕ ಪರಿಷತ್ತು) ಕೀಲಿಮಣೆ ಮೊದಲಿನಿಂದಲೇ ಸೇರಿದೆ, ಸೆಟ್ಟಿಂಗ್ಸ್‌ನಲ್ಲಿ ಆರಿಸಿಕೊಂಡರಾಯಿತು. ಮ್ಯಾಕ್‌ನಲ್ಲಿ ಕನ್ನಡ ಕೀಲಿಮಣೆ ಇದ್ದರೂ ವಿನ್ಯಾಸ ಬೇರೆ.

ಮೊದಲು ಡಬ್ಬಿ ಬಿಚ್ಚಿ ನೋಡಿ

ನಿರ್ಲಕ್ಷ್ಯ ಕಂಪನಿಯದಷ್ಟೇ ಇರುವುದಿಲ್ಲ. ನಮ್ಮದು ಎರಿ ನೆಲ. ಬೇಸಿಗೆಯಲ್ಲಿ ನರೇಗಲ್ ರಸ್ತೆಯ ಅಂಗಡಿಯೊಳಗೆ ನುಗ್ಗುವ ಧೂಳು ಸಿಪಿಯು ಫ್ಯಾನಿನ ಕೆಳಗೆ ಕಂಬಳಿಯಂತೆ ಕೂತಿರುತ್ತದೆ. ಪ್ರೊಸೆಸರ್ ಬಿಸಿಯಾದಾಗ ತಾನೇ ವೇಗ ಇಳಿಸಿಕೊಳ್ಳುತ್ತದೆ, ನಾವು 'ಹಳೇದಾತು' ಎನ್ನುತ್ತೇವೆ. ವರ್ಷಕ್ಕೆರಡು ಸಲ ಬ್ಲೋವರ್ ಹಿಡಿಯಿರಿ. ಹಿಡಿಯುವಾಗ ಫ್ಯಾನ್ ತಿರುಗದಂತೆ ಬೆರಳಿನಿಂದ ಒತ್ತಿಟ್ಟುಕೊಳ್ಳಿ. ಹೀಟ್‌ಸಿಂಕ್ ಕೆಳಗಿನ ಪೇಸ್ಟ್ ಒಣಗಿದ್ದರೆ ಬದಲಿಸಿ. ದಿನಾ ತಾರೀಖು ತಪ್ಪುತ್ತಿದ್ದರೆ ಮದರ್‌ಬೋರ್ಡಿನ ನಾಣ್ಯದಂಥ ಬ್ಯಾಟರಿ ಮುಗಿದಿದೆ, ಅದು ಕೆಲವೇ ರೂಪಾಯಿಯದು. ಕ್ಯಾಬಿನೆಟ್ ಮುಟ್ಟಿದರೆ ಝುಂ ಎಂದರೆ ಅರ್ಥಿಂಗ್ ಇಲ್ಲ. ಆ ಕೋಣೆಯಲ್ಲಿ ಎಷ್ಟು ಬೆಲೆಬಾಳುವ ಯಂತ್ರ ತಂದಿಟ್ಟರೂ ಬಾಳಿಕೆ ಅಷ್ಟಕ್ಕಷ್ಟೇ. ಮೊದಲು ವೈರ್‌ಮನ್‌ನನ್ನು ಕರೆಸಿ.

ಹಾರ್ಡ್ ಡಿಸ್ಕ್ ಮೇಲೆಯೇ ವಿಂಡೋಸ್ ನಡೆಸುತ್ತಿದ್ದರೆ, ಎಸ್‌ಎಸ್‌ಡಿ ಹಾಕಿಸಿದ ದಿನವೇ ಯಂತ್ರ ಚುರುಕಾಗುತ್ತದೆ. 4 ಜಿಬಿ ರ‍್ಯಾಮ್‌ನಲ್ಲಿ ಆಲ್ಬಮ್ ಮಾಡುವವರು 16ಕ್ಕೆ ಏರಿಸಿ. ವಿಂಡೋಸ್ 11 ಬರುತ್ತದೋ ಇಲ್ಲವೋ ಎಂಬುದು ಮುಖ್ಯವಾಗಿ ಪ್ರೊಸೆಸರಿನಿಂದ ತಿಳಿಯುತ್ತದೆ. ಇಂಟೆಲ್‌ನದಾದರೆ 8ನೆಯ ತಲೆಮಾರಿನಿಂದ ಮುಂದಿನವು ಬೇಕು, ಎಎಂಡಿಯದಾದರೆ ರೈಜನ್ 2000 ಸರಣಿಯಿಂದ. ಐ5-7400 ಎಂದಿದ್ದರೆ 7ನೆಯದು, ಐ5-8400 ಎಂದಿದ್ದರೆ 8ನೆಯದು. 8ನೆಯ ತಲೆಮಾರಿನದಿದ್ದೂ ಅರ್ಹವಲ್ಲ ಎಂದರೆ ಟಿಪಿಎಂ ಅಥವಾ ಸೆಕ್ಯೂರ್ ಬೂಟ್ ಬಂದ್ ಇರಬಹುದು. ಬಯಾಸ್‌ಗೆ ಹೋಗಿ, ಇಂಟೆಲ್‌ನಲ್ಲಿ ಪಿಟಿಟಿ ಎಂದೂ ಎಎಂಡಿಯಲ್ಲಿ ಎಫ್‌ಟಿಪಿಎಂ ಎಂದೂ ಇರುವುದನ್ನು ಚಾಲೂ ಮಾಡಿ ಮತ್ತೆ ಪರೀಕ್ಷಿಸಿ. ಇಷ್ಟು ನೋಡದೆಯೇ ಹೊಸ ಯಂತ್ರ ಕೊಂಡವರಿದ್ದಾರೆ ಎಂಬುದು ನನಗೆ ಬೇಸರದ ಸಂಗತಿ.

ಅರ್ಹವಲ್ಲದ ಯಂತ್ರಕ್ಕೆ ಅಡ್ಡದಾರಿಯಲ್ಲಿ ವಿಂಡೋಸ್ 11 ಹಾಕಿಕೊಡುವವರು ಸಿಗುತ್ತಾರೆ. ಅಂಥ ಯಂತ್ರಕ್ಕೆ ಮುಂದೆ ಪರಿಷ್ಕರಣೆ ಬರುವ ಭರವಸೆಯನ್ನು ಮೈಕ್ರೋಸಾಫ್ಟ್ ಕೊಡುವುದಿಲ್ಲ. ಅನ್ನದ ಯಂತ್ರಕ್ಕೆ ಇದು ಬೇಡ. ಅದರ ಬದಲು ವಿಂಡೋಸ್ 10ಕ್ಕೇ ಮೈಕ್ರೋಸಾಫ್ಟ್ ಖಾತೆಯಿಂದ ನೋಂದಾಯಿಸಿಕೊಂಡವರಿಗೆ 2026ರ ಅಕ್ಟೋಬರ್ 13ರವರೆಗೆ ಭದ್ರತಾ ಪರಿಷ್ಕರಣೆ ಸಿಗುವ ಏರ್ಪಾಡು ಇದೆ. ಕಡತ ಪರಿವರ್ತನೆಗೆ ಬೇಕಾದ ಸಮಯ ಅದರಿಂದ ಸಿಗುತ್ತದೆ. ಕದ್ದ ವಿಂಡೋಸ್, ಕ್ರ್ಯಾಕ್ ಮಾಡಿದ ಫೋಟೋಶಾಪ್ ಮೇಲೆ ನಡೆಯುವ ಅಂಗಡಿಗಳು ಬಹಳ. ಕ್ರ್ಯಾಕ್ ಜತೆಗೆ ಬಂದ ವೈರಸ್ ಒಂದು ಲಗ್ನಸರಾಯಿಯ ಅಷ್ಟೂ ಫೋಟೋಗಳಿಗೆ ಬೀಗ ಹಾಕಿದರೆ, ಆ ಮನೆಯವರಿಗೆ ಮದುವೆಯನ್ನು ಮತ್ತೆ ಮಾಡಿಸಿ ಫೋಟೋ ತೆಗೆಯಲಾಗದು.

ಯಾರಿಗೆ ಯಾವುದು

ಡಿಟಿಪಿ, ಫ್ಲೆಕ್ಸ್, ಟ್ಯಾಲಿ, ಬೆರಳಚ್ಚು ಸಾಧನ ಎಲ್ಲ ಒಂದೇ ಅಂಗಡಿಯಲ್ಲಿದ್ದರೆ ವಿಂಡೋಸ್ ಬಿಡಬೇಡಿ. ಫ್ಲೆಕ್ಸ್‌ನವರು, ಪ್ಲೇಟ್ ತೆಗೆಯುವವರು ಕೋರೆಲ್ ಕಡತವನ್ನೇ ಕೇಳುತ್ತಾರೆ. ಅಕ್ಷರಗಳನ್ನು ಕರ್ವ್ ಮಾಡಿ ಕಳಿಸುವ ರೂಢಿ ನಿಮಗಿದ್ದರೆ ಫಾಂಟಿನ ಜಗಳ ಅಲ್ಲಿಗೇ ಮುಗಿಯುತ್ತದೆ. ಪೇಜ್‌ಮೇಕರ್ ಆಗಾಗ ಬೇಕೆನ್ನುವವರು ಹೊಸ ಯಂತ್ರದೊಳಗೆ ವರ್ಚುವಲ್‌ಬಾಕ್ಸ್ ಹಾಕಿ, ಅದರಲ್ಲಿ ಹಳೆಯ ವಿಂಡೋಸ್ ಇಟ್ಟುಕೊಂಡು, ಅದಕ್ಕೆ ಇಂಟರ್‌ನೆಟ್ ಸಂಪರ್ಕ ಕೊಡದೆ ಬಳಸಬಹುದು.

ಮ್ಯಾಕ್ ಹೆಚ್ಚು ಒಗ್ಗುವುದು ವಿಡಿಯೋದವರಿಗೆ. ಮ್ಯಾಕ್ ಮಿನಿಯ ಎಂ4 ಮಾದರಿ 16 ಜಿಬಿ ರ‍್ಯಾಮ್‌ನಿಂದಲೇ ಶುರುವಾಗುತ್ತದೆ, ಕಡಿಮೆ ಕರೆಂಟ್ ಎಳೆಯುವುದರಿಂದ ಯುಪಿಎಸ್ ಮೇಲೆ ಹೆಚ್ಚು ಹೊತ್ತು ನಿಲ್ಲುತ್ತದೆ. ಕರೆಂಟ್ ಹೋಗಿ ಬಂದು ಮಾಡುವ ಊರಿನಲ್ಲಿ ಇದು ಸಣ್ಣ ಗುಣವೇನಲ್ಲ. ಆದರೆ ರ‍್ಯಾಮ್ ಆಮೇಲೆ ಹೆಚ್ಚಿಸಲು ಬಾರದು, ಕೊಳ್ಳುವಾಗಲೇ ಯೋಚಿಸಬೇಕು. ಫೂಟೇಜ್‌ಗೆ ಹೊರಗಿನ ಎಸ್‌ಎಸ್‌ಡಿ ಬೇಕು. ನಮ್ಮ ವಿಡಿಯೋದವರು ನೆಚ್ಚಿದ ಎಡಿಯಸ್ ವಿಂಡೋಸ್‌ನಲ್ಲಿ ಮಾತ್ರ ನಡೆಯುತ್ತದೆ, ಅದರ ಪ್ರಾಜೆಕ್ಟುಗಳು ಮ್ಯಾಕ್‌ಗೆ ಬರುವುದಿಲ್ಲ. ಮ್ಯಾಕ್ ಮನಸ್ಸಿನಲ್ಲಿದ್ದರೆ ಈಗಿನ ಯಂತ್ರದಲ್ಲಿಯೇ ಡಾವಿಂಚಿ ರಿಸಾಲ್ವ್ ಕಲಿಯಿರಿ, ಅದು ಮೂರೂ ವೇದಿಕೆಯಲ್ಲಿದೆ. ಕಡಿಮೆ ಬೆಲೆಗೆ ಸಿಗುತ್ತದೆಂದು ಇಂಟೆಲ್ ಪ್ರೊಸೆಸರಿನ ಸೆಕೆಂಡ್ ಹ್ಯಾಂಡ್ ಮ್ಯಾಕ್ ಕೊಳ್ಳಬೇಡಿ. 2025ರ ಟಾಹೋ ಆವೃತ್ತಿಯೇ ಇಂಟೆಲ್ ಮ್ಯಾಕ್‌ಗಳಿಗೆ ಕೊನೆಯದೆಂದು ಆ್ಯಪಲ್ ಹೇಳಿಯಾಗಿದೆ. ಹಳೆಯ ಎಷ್ಟೋ ಮಾದರಿಗಳಿಗೆ ಅದೂ ಇಲ್ಲ.

ಲಿನಕ್ಸ್ ಪುಸ್ತಕದ ಕೆಲಸಕ್ಕೆ, ಯುನಿಕೋಡ್ ಟೈಪಿಂಗ್‌ಗೆ, ಇಂಟರ್‌ನೆಟ್ ಕೆಲಸಕ್ಕೆ ಚೆನ್ನಾಗಿ ಒದಗುತ್ತದೆ, 4ನೆಯ ತಲೆಮಾರಿನ ಯಂತ್ರದ ಮೇಲೂ ಹಗುರವಾಗಿ ಓಡುತ್ತದೆ. ಪೆನ್‌ಡ್ರೈವ್‌ನಿಂದಲೇ ನಡೆಸಿ ನೋಡಬಹುದು, ಡಿಸ್ಕ್ ಮುಟ್ಟಬೇಕಿಲ್ಲ. ವಿಡಿಯೋದವರು ಒಂದು ಮಾತು ತಿಳಿದಿರಬೇಕು: ರಿಸಾಲ್ವ್‌ನ ಪುಕ್ಕಟೆ ಆವೃತ್ತಿ ಲಿನಕ್ಸ್‌ನಲ್ಲಿ ಕ್ಯಾಮೆರಾದಿಂದ ಬರುವ ಎಚ್.264, ಎಚ್.265 ಕಡತಗಳನ್ನು ತೆರೆಯುವುದಿಲ್ಲ. ಗಿಂಪ್‌ಗೆ ಆಫ್‌ಸೆಟ್‌ನ ನಾಲ್ಕು ಬಣ್ಣದ ಪದ್ಧತಿಯಲ್ಲಿ ನೇರ ಕೆಲಸ ಮಾಡಲು ಬಾರದು, ಆ ಹೊಣೆಯನ್ನು ಸ್ಕ್ರೈಬಸ್‌ಗೆ ಒಪ್ಪಿಸಬೇಕು.

ದೊಡ್ಡ ಯಂತ್ರದ ಬೆಲೆ ಒಬ್ಬರಿಗೆ ಭಾರವಾದರೆ ಮೂರು ಸ್ಟುಡಿಯೋದವರು ಕೂಡಿ ಒಂದನ್ನು ಕೊಳ್ಳಬಹುದು. ರೆಂಡರ್ ರಾತ್ರಿ ಹಚ್ಚಿ ಹೋಗುವ ಕೆಲಸ, ಪಾಳಿ ಹಂಚಿಕೊಳ್ಳಲು ಬರುತ್ತದೆ. ಕೃಷಿ ಸಾಲದ ಸಹಕಾರಿ ಸಂಘವನ್ನು 1905ರಲ್ಲಿಯೇ ಕಟ್ಟಿದ ಕಣಗಿನಹಾಳ ನಮ್ಮ ಗದಗ ತಾಲೂಕಿನ ಊರು. ಕೂಡಿ ಕೊಳ್ಳುವ ವಿದ್ಯೆಯನ್ನು ನಾವು ಹೊರಗಿನವರಿಂದ ಕಲಿಯಬೇಕಾಗಿಲ್ಲ. ಯಾರ ಯಂತ್ರ, ಯಾರ ರಿಪೇರಿ ಎಂಬುದನ್ನು ಮೊದಲ ದಿನವೇ ಕಾಗದದ ಮೇಲೆ ಬರೆದಿಟ್ಟುಕೊಂಡರೆ ಸ್ನೇಹ ಕೆಡುವುದಿಲ್ಲ.

ಬದಲಾವಣೆಗೆ ಹೊಂದುವ ತಿಂಗಳು ಆಷಾಢ. ಲಗ್ನ ಇರುವುದಿಲ್ಲ, ಗಿರಾಕಿ ಕಡಿಮೆ. ಆ ತಿಂಗಳು ಎರಡೂ ಯಂತ್ರ ಅಕ್ಕಪಕ್ಕ ಇಟ್ಟುಕೊಂಡು, ಸಣ್ಣ ಕೆಲಸ ಹೊಸದರಲ್ಲಿ, ಅವಸರದ ಕೆಲಸ ಹಳೆಯದರಲ್ಲಿ ಮಾಡಿ. ಶ್ರಾವಣದ ಪುರಾಣ, ಜಾತ್ರೆಯ ಪತ್ರಿಕೆಗಳು ಶುರುವಾಗುವ ಹೊತ್ತಿಗೆ ಕೈ ಪಳಗಿರುತ್ತದೆ. ಅದಕ್ಕೂ ಮೊದಲು ಎಲ್ಲ ಕಡತಗಳ ಎರಡು ಪ್ರತಿ ಎರಡು ಬೇರೆ ಡಿಸ್ಕ್‌ಗಳಲ್ಲಿರಲಿ, ಒಂದು ಡಿಸ್ಕ್ ಮನೆಯಲ್ಲಿರಲಿ. ಬಳಸಿದ ಪ್ರತಿಯೊಂದು ಫಾಂಟಿನ ಕಡತವನ್ನೂ ಅದೇ ಡಿಸ್ಕ್‌ನಲ್ಲಿ ಇಡಿ.

ಹಳೆಯ ಯಂತ್ರವನ್ನು ಕೂಡಲೇ ಗುಜರಿಗೆ ಹಾಕಬೇಡಿ. ನೆಟ್ ವೈರ್ ತೆಗೆದು, ಪೇಜ್‌ಮೇಕರ್ ಮತ್ತು ಹಳೆಯ ಫಾಂಟುಗಳ ಸಮೇತ ಒಂದು ವರ್ಷ ಮೂಲೆಯಲ್ಲಿರಲಿ; ಯಾವುದೋ ಮಠದವರು ಎಂಟು ವರ್ಷದ ಹಿಂದಿನ ಪುಸ್ತಕ ಮರುಮುದ್ರಣ ಮಾಡಿಸಲು ಬಂದೇ ಬರುತ್ತಾರೆ. ಆಮೇಲೆ ಊರಿನ ಶಾಲೆಗೆ ಕೊಡುವ ಮನಸ್ಸಿದ್ದರೆ ಹಾರ್ಡ್ ಡಿಸ್ಕ್ ತೆಗೆದುಕೊಂಡು, ಬೇರೊಂದು ಹಾಕಿಸಿ, ಲಿನಕ್ಸ್ ತುಂಬಿ ಕೊಡಿ. ಡಿಲೀಟ್ ಮಾಡಿದ ಮಾತ್ರಕ್ಕೆ ಗಿರಾಕಿಗಳ ಆಧಾರ್ ಪ್ರತಿ, ಮನೆಮಂದಿಯ ಫೋಟೋಗಳು ಡಿಸ್ಕ್‌ನಿಂದ ಹೋಗಿರುವುದಿಲ್ಲ.